ಬಾಲದಲ್ಲಿ ಕೂತವನು, ಬಾಗಿಲಲ್ಲಿ ನಿಂತವನು: ಹ್ಯಾಮಿಲ್ಟನ್‌ನಿಂದ ಕಾಂಬ್ರೆವರೆಗೆ ಐದು ದಿನ

ಮೊದಲ ದಿನ: ಹ್ಯಾಮಿಲ್ಟನ್

ಮಗಳ ಮನೆ ಇರೋದು ಕೆನಡಾದ ಮಿಸ್ಸಿಸಾಗಾದಲ್ಲಿ. ಟೊರಾಂಟೊ ವಿಮಾನ ನಿಲ್ದಾಣ ಅಲ್ಲಿಗೆ ಹತ್ತಿರ, ಹಿತ್ತಲಲ್ಲಿ ಕೂತರೆ ತಲೆ ಮೇಲೆ ವಿಮಾನ ಹೋಗ್ತಾನೇ ಇರುತ್ತೆ. ಎರಡು ತಿಂಗಳು ಅದನ್ನೇ ನೋಡ್ತಾ ಕೂತಿದ್ದೆ. ಊರಿಗೆ ಹೊರಡೋಕೆ ಎರಡು ದಿನ ಇದೆ ಅನ್ನುವಾಗ ಅಳಿಯ ಕಾಫಿ ಲೋಟ ಹಿಡ್ಕೊಂಡು ಬಂದು ಪಕ್ಕದಲ್ಲಿ ಕೂತರು. "ಮಾವ, ಈ ಏರ್‌ಪೋರ್ಟ್ ಇರೋ ಜಾಗದ ಹಳೇ ಹೆಸರು ಮಾಲ್ಟನ್. ಎರಡನೇ ಮಹಾಯುದ್ಧದಲ್ಲಿ ಇಲ್ಲೇ ಲ್ಯಾಂಕಾಸ್ಟರ್ ಬಾಂಬರ್ ಕಟ್ತಾ ಇದ್ರಂತೆ. ಅದರಲ್ಲಿ ಒಂದು ಇನ್ನೂ ಹಾರುತ್ತೆ. ನೋಡ್ತೀರಾ?"

ಇಂಥ ಮಾತನ್ನ ನನ್ನ ಹತ್ತಿರ ಎರಡು ತಿಂಗಳ ಹಿಂದೆಯೇ ಹೇಳಬಾರದಿತ್ತಾ!

ಕಾರಣ ಹೇಳಿಬಿಡ್ತೀನಿ. ನಮ್ಮಪ್ಪ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಫಿಟರ್. ಆಗಿನ್ನೂ ಅದು ಹಿಂದೂಸ್ತಾನ್ ಏರ್‌ಕ್ರಾಫ್ಟ್. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಲಿಬರೇಟರ್ ಅನ್ನೋ ದೊಡ್ಡ ಬಾಂಬರ್‌ಗಳನ್ನ ಹಾಗೇ ಬಿಟ್ಟು ಹೋಗಿದ್ದರು. ಯಾರೂ ಮತ್ತೆ ಹಾರಿಸಬಾರದು ಅಂತ ಬೇಕಂತಲೇ ಕೆಡಿಸಿದ್ದರು. ಅವುಗಳನ್ನ ಹೇಗೋ ಬೆಂಗಳೂರಿಗೆ ಹಾರಿಸಿಕೊಂಡು ಬಂದು, ಎಚ್‌ಎಎಲ್‌ನವರು ಒಂದೊಂದಾಗಿ ರಿಪೇರಿ ಮಾಡಿ ವಾಯುಪಡೆಗೆ ಕೊಟ್ಟರು. 1968ರವರೆಗೂ ಅವು ಕೆಲಸ ಮಾಡಿದವು. ಅಪ್ಪ ಹಲಸೂರಿನಿಂದ ಸೈಕಲ್‌ನಲ್ಲಿ ಹೋಗಿ ಆ ವಿಮಾನಗಳಿಗೆ ರಿವೆಟ್ ಹೊಡೀತಿದ್ದರು. ಎಂಜಿನ್, ರೆಕ್ಕೆ ಅಂತ ಜಾಸ್ತಿ ಮಾತಾಡ್ತಿರಲಿಲ್ಲ. ಬಾಲದ ತುದಿಯ ಗಾಜಿನ ಗೂಡಿನ ಬಗ್ಗೆ ಮಾತ್ರ ಪದೇ ಪದೇ ಹೇಳೋರು. "ಅಲ್ಲೊಬ್ಬ ಕೂರಬೇಕು ಕಣೋ, ಗಂಟೆಗಟ್ಟಲೆ. ಎಲ್ಲರೂ ಮುಂದೆ ನೋಡ್ಕೊಂಡು ಹೋದ್ರೆ ಅವನು ಹಿಂದೆ ನೋಡ್ಕೊಂಡು ಹೋಗ್ತಾನೆ."

ಆ ಲಿಬರೇಟರ್‌ಗಳಲ್ಲೂ ಒಂದು ಕೆನಡಾದಲ್ಲೇ ಇದೆ. 1968ರಲ್ಲಿ ನಮ್ಮ ವಾಯುಪಡೆ ಕೊಟ್ಟಿದ್ದು, ಒಟ್ಟಾವಾದ ಮ್ಯೂಸಿಯಂನಲ್ಲಿದೆ. ಅಲ್ಲಿಗೆ ಹೋಗೋಕೆ ಟೈಮ್ ಇರಲಿಲ್ಲ. ಅದೊಂದು ಬೇಜಾರು ಹಾಗೇ ಉಳೀತು.

ಹ್ಯಾಮಿಲ್ಟನ್‌ಗೆ ಕಾರಿನಲ್ಲಿ ಒಂದು ಗಂಟೆ. ಊರಾಚೆ ಮೌಂಟ್ ಹೋಪ್ ಅನ್ನೋ ಜಾಗ, ವಿಮಾನ ನಿಲ್ದಾಣದ ಅಂಚಿನಲ್ಲೇ ಹ್ಯಾಂಗರ್. ಒಳಗೆ ಕಾಲಿಟ್ಟ ಕೂಡಲೇ ಮೂಗಿಗೆ ಬಡಿದದ್ದು ಎಣ್ಣೆ ವಾಸನೆ. ನನಗೆ ಸುಮ್ನೆ ಕಣ್ಣು ತುಂಬಿ ಬಂತು, ಇವಳು, ಅಂದ್ರೆ ನನ್ನ ಹೆಂಡತಿ, ಏನಾಯ್ತು ಅಂತ ನೋಡಿದಳು. ಲ್ಯಾಂಕಾಸ್ಟರ್ ಕಪ್ಪು ಹೊಟ್ಟೆ ಹೊತ್ತು ನಿಂತಿತ್ತು. ನಾಲ್ಕು ಮರ್ಲಿನ್ ಎಂಜಿನ್. ಕೆಳಗೆ ತಟ್ಟೆ ಇಟ್ಟಿದ್ದರು, ಅದರಲ್ಲಿ ಎಣ್ಣೆ ತೊಟ್ಟಿಕ್ಕಿತ್ತು. ಎಣ್ಣೆ ಸೋರದಿದ್ದರೆ ಒಳಗೆ ಎಣ್ಣೆ ಇಲ್ಲ ಅಂತ ಅರ್ಥ, ಇದು ನಮ್ಮ ಕಸುಬಿನವರೆಲ್ಲ ಹೇಳೋ ಜೋಕು. ಇಂಥ ಲ್ಯಾಂಕಾಸ್ಟರ್‌ಗಳನ್ನ 7,377 ಕಟ್ಟಿದ್ದರು. ಅದರಲ್ಲಿ 430 ಮಾಲ್ಟನ್‌ನಲ್ಲಿ. ಇವತ್ತು ಹಾರೋದು ಪ್ರಪಂಚದಲ್ಲಿ ಎರಡೇ: ಇದು, ಇಂಗ್ಲೆಂಡಿನಲ್ಲಿ ಇನ್ನೊಂದು.

ಪಕ್ಕದಲ್ಲಿ ವಿಆರ್-ಎ ಅಂತ ದೊಡ್ಡ ಕೆಂಪಕ್ಷರ. ಇದರ ಅಸಲಿ ನಂಬರ್ ಎಫ್‌ಎಂ213. ಆದರೆ ಬೇರೊಂದು ವಿಮಾನದ ಗುರುತು ಹಾಕಿಕೊಂಡು ಓಡಾಡುತ್ತೆ: ಕೆಬಿ726. ಅದು ಫ್ರಾನ್ಸಿನ ಹೊಲದಲ್ಲಿ ಬಿದ್ದು ಹೋಯಿತು. ಅದರಲ್ಲಿದ್ದ ಏಳು ಜನರಲ್ಲಿ ಆರು ಮಂದಿ ಬದುಕಿದರು, ಒಬ್ಬ ಸತ್ತ. ಆ ಒಬ್ಬನ ಹೆಸರಲ್ಲೇ ಈ ವಿಮಾನವನ್ನ ಕರೀತಾರೆ: ಮಿನಾರ್ಸ್ಕಿ ಲ್ಯಾಂಕಾಸ್ಟರ್.

ಆಂಡ್ರೂ ಮಿನಾರ್ಸ್ಕಿ. ಜೊತೆಯವರಿಗೆ ಆಂಡಿ. 1916ರಲ್ಲಿ ವಿನ್ನಿಪೆಗ್‌ನಲ್ಲಿ ಹುಟ್ಟಿದ. ಅಪ್ಪ ಅಮ್ಮ ಪೋಲೆಂಡಿನಿಂದ ಬಂದವರು. ಹುಡುಗನಿಗೆ ಹದಿನಾರಾದಾಗ ಅಪ್ಪ ತೀರಿಕೊಂಡರು. ಮನೆ ನಡೆಸಬೇಕಲ್ಲ, ತುಪ್ಪಳದ ವ್ಯಾಪಾರಿಗಳ ಹತ್ತಿರ ಮೆತ್ತನೆಯ ಚರ್ಮ ಕತ್ತರಿಸೋ ಕೆಲಸಕ್ಕೆ ಸೇರಿದ. 1941ರಲ್ಲಿ ವಾಯುಪಡೆ. ಬಾಂಬರ್‌ನ ಬೆನ್ನ ಮೇಲಿನ ಗೂಡಿನಲ್ಲಿ ಕೂರುವ ಗನ್ನರ್. ಬಾಲದಲ್ಲಿ ಕೂರುವವನು ಅವನ ಗೆಳೆಯ ಪ್ಯಾಟ್ ಬ್ರೋಫಿ.

ಒಬ್ಬ ವಯಸ್ಸಾದ ಸ್ವಯಂಸೇವಕ ನೀಲಿ ಓವರಾಲ್ ಹಾಕಿಕೊಂಡು ಬಾಲದ ಹತ್ತಿರ ಏನೋ ಒರೆಸ್ತಾ ಇದ್ದ. ನಾನು ನಲವತ್ತು ವರ್ಷ ಹೈಡ್ರಾಲಿಕ್ಸ್ ಕೆಲಸ ಮಾಡಿದವನು ಅಂದೆ. ಅಷ್ಟೇ ಸಾಕಾಯ್ತು. ಬಲಗಡೆ ಬಾಲದ ಹತ್ತಿರ ಇರೋ ಬಾಗಿಲಿಗೆ ಏಣಿ ಹಾಕಿ, ಒಳಗೆ ತಲೆ ಹಾಕು ಅಂದ.

ತಲೆ ಹಾಕಿದೆ. ಬಲಕ್ಕೆ ನೋಡಿದರೆ ಮುಂದಿನವರಿದ್ದ ಕಡೆ, ಒಂದು ಇಕ್ಕಟ್ಟಾದ ಸುರಂಗ. ಎಡಕ್ಕೆ ನೋಡಿದರೆ ಬಾಲದ ಗೂಡಿನ ಎರಡು ಪುಟ್ಟ ಬಾಗಿಲು. ನಮ್ಮ ಹಳೇ ಮನೆಯ ದೇವರ ಗೂಡಿಗೆ ಇರ್ತಿತ್ತಲ್ಲ, ಅಷ್ಟೇ. ದಪ್ಪ ಬಟ್ಟೆ ಹಾಕಿಕೊಂಡ ಮನುಷ್ಯ ಅದರೊಳಗೆ ಹೇಗೆ ನುಸುಳಿದನೋ. ಪ್ಯಾರಾಚೂಟ್ ಇಡೋಕೂ ಒಳಗೆ ಜಾಗ ಇಲ್ಲ, ಅದನ್ನ ಬಾಗಿಲಿನ ಹೊರಗೆ ತೂಗುಹಾಕಬೇಕು. ಗೂಡು ತಿರುಗೋದು ಎಣ್ಣೆಯ ಒತ್ತಡದಿಂದ. ಒತ್ತಡ ಕೊಡೋ ಪಂಪು ಎಂಜಿನ್‌ನಲ್ಲಿ. ಎಂಜಿನ್ ನಿಂತರೆ ಒತ್ತಡ ಇಲ್ಲ. ಒತ್ತಡ ಇಲ್ಲದಿದ್ದರೆ ಕೈಯಿಂದ ತಿರುಗಿಸೋಕೆ ಒಂದು ಹ್ಯಾಂಡಲ್ ಇದೆ.

"ಬ್ರೋಫಿ ತಿರುಗಿಸಿದ್ದು ಅಂಥದ್ದನ್ನೇ," ಅಂದ ಮುದುಕ. "ಮುರಿದು ಹೋಯ್ತು."

ನನಗೆ ಬೆನ್ನಲ್ಲಿ ಚುಳಕ್ ಅಂತು. ಯಾಕೆ ಅಂತ ಆಮೇಲೆ ಹೇಳ್ತೀನಿ.

ಎರಡನೇ ದಿನ: ವಿಮಾನದಲ್ಲಿ

ಬರೆಯೋಕೆ ಜಾಸ್ತಿ ಏನಿಲ್ಲ. ಊರಿಗೆ ವಾಪಸ್ ಹೋಗುವಾಗ ಪ್ಯಾರಿಸ್‌ನಲ್ಲಿ ಒಂದು ವಾರ ಇಳಿಯೋದು ಅಂತ ಮೊದಲೇ ಆಗಿತ್ತು. ಅಣ್ಣನ ಮಗ ಲೀಲ್ ಅನ್ನೋ ಊರಲ್ಲಿ ಕೆಲಸದಲ್ಲಿದ್ದಾನೆ. ಇವಳಿಗೆ ಐಫೆಲ್ ಟವರ್ ನೋಡಬೇಕು. ನಾನು ರಾತ್ರಿ ಹುಡುಗನಿಗೆ ಫೋನ್ ಮಾಡಿ, ಮೊದಲ ಮೂರು ದಿನ ನನ್ನ ಲೆಕ್ಕಕ್ಕೆ ಬರೆದುಕೋ ಅಂದೆ. "ಚಿಕ್ಕಮ್ಮ ಒಪ್ಪಿದಾರಾ?" ಅಂದ. ಒಪ್ಪಿಸೋದು ವಿಮಾನದಲ್ಲಿ ಆಯ್ತು. ಏಳು ಗಂಟೆ ಎಲ್ಲಿಗೂ ಎದ್ದು ಹೋಗೋ ಹಾಗಿಲ್ಲವಲ್ಲ, ಪೂರ್ತಿ ಕಥೆ ಹೇಳಿದೆ.

ಇವಳು ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದಳು. "ಅವನ ತಾಯಿ ಆಗ ಇದ್ರಾ?"

ಇದ್ದಿರಬೇಕು ಅಂದೆ. ನಾನು ಅದನ್ನ ಯೋಚನೆ ಮಾಡಿರಲಿಲ್ಲ.

ಮೂರನೇ ದಿನ: ಆಮಿಯಾಂ

ಪ್ಯಾರಿಸ್‌ನಲ್ಲಿ ಇಳಿದೆವು, ಒಂದು ಸೂಟ್‌ಕೇಸ್ ಇಳಿಯಲಿಲ್ಲ. ಯಾವ ಕಂಪನಿ ಅನ್ನೋದು ಬೇಡ. ಬಿಡಿ, ಎಲ್ಲರಿಗೂ ಆಗೋದೇ. ಆದರೆ ಚಟ್ನಿಪುಡಿ, ನಿಪ್ಪಟ್ಟು, ಇವಳ ಎರಡು ಸ್ವೆಟರ್ ಅದರಲ್ಲೇ ಇದ್ದವು. ಜೂನ್ ತಿಂಗಳು, ಆದರೂ ಗಾಳಿ ತಣ್ಣಗಿತ್ತು. ಹುಡುಗ ತನ್ನ ಜಾಕೆಟ್ ಕೊಟ್ಟ. ಉದ್ದ ತೋಳು ಮಡಚಿಕೊಂಡು ಇವಳು ಮೂರು ದಿನ ಅದರಲ್ಲೇ ಓಡಾಡಿದಳು.

ಆಮಿಯಾಂವರೆಗೆ ಕಾರಿನಲ್ಲಿ ಒಂದೂವರೆ ಗಂಟೆಯ ಮೇಲಾಯ್ತು. ಅಲ್ಲಿಯ ಚರ್ಚು ಫ್ರಾನ್ಸಿನಲ್ಲೇ ದೊಡ್ಡದು, 1220ರಲ್ಲಿ ಕಟ್ಟೋಕೆ ಶುರು ಮಾಡಿದ್ದು. ನಮ್ಮಲ್ಲಿ ಹೊಯ್ಸಳರು ಇನ್ನೂ ಕಲ್ಲು ಕೆತ್ತಿಸ್ತಿದ್ದ ಕಾಲ. ಚೆನ್ನಾಗಿದೆ, ಕುತ್ತಿಗೆ ನೋಯುವಷ್ಟು ಎತ್ತರ. ಆದರೆ ನನ್ನ ಮನಸ್ಸು ಅಲ್ಲಿರಲಿಲ್ಲ. ಊಟಕ್ಕೆ ಬ್ರೆಡ್ಡು, ಚೀಸು, ಟೊಮೆಟೊ.

ಸಂಜೆ ಒಂದು ಪಾರ್ಕಿನ ಹುಲ್ಲಿನ ಮೇಲೆ ಕೂತೆವು. ಹುಲ್ಲಿನ ಮಧ್ಯೆ ಮೂರೆಲೆಯ ಪುಟ್ಟ ಗಿಡ, ನಮ್ಮ ಕಡೆ ಪುಳ್ಳಂಪುರಚಿ ಬೆಳೆಯುತ್ತಲ್ಲ ಆ ಥರ. ಇಲ್ಲಿ ಕ್ಲೋವರ್ ಅಂತಾರೆ. ಸಾವಿರಾರರಲ್ಲಿ ಎಲ್ಲೋ ಒಂದಕ್ಕೆ ನಾಲ್ಕೆಲೆ ಇರುತ್ತೆ, ಸಿಕ್ಕರೆ ಅದೃಷ್ಟ ಅಂತ ಇವರ ನಂಬಿಕೆ. 1944ರ ಜೂನ್ 12ರ ಸಂಜೆ ಇಂಗ್ಲೆಂಡಿನ ಮಿಡಲ್‌ಟನ್ ಸೇಂಟ್ ಜಾರ್ಜ್ ವಿಮಾನ ನೆಲೆಯಲ್ಲಿ, ಹೊರಡೋಕೆ ಮುಂಚೆ ಹೀಗೇ ಹುಲ್ಲಿನ ಮೇಲೆ ಆ ಏಳು ಜನ ಕಾಯ್ತಾ ಕೂತಿದ್ದರು. ಆಂಡಿಗೆ ನಾಲ್ಕೆಲೆಯದೊಂದು ಸಿಕ್ಕಿತು. ಕಿತ್ತು ಬ್ರೋಫಿಗೆ ಕೊಟ್ಟ. ನೀನೇ ಇಟ್ಕೋ ಅಂತ.

ಅದು ಅವರ ಹದಿಮೂರನೇ ಹಾರಾಟ. ಗುರಿಯ ಮೇಲೆ ಇರಬೇಕಾದದ್ದು 13ನೇ ತಾರೀಖಿನ ನಸುಕಿಗೆ. ಬಾಂಬ್ ಹಾಕುವವನ ಹೆಸರು ಬೇರೆ ಜ್ಯಾಕ್ ಫ್ರೈಡೇ! ಈ ಬಿಳಿಯರಿಗೆ 13 ಅಂದ್ರೆ, ಅದರಲ್ಲೂ ಶುಕ್ರವಾರ ಅಂದ್ರೆ, ನಮಗೆ ಅಮಾವಾಸ್ಯೆ ರಾಹುಕಾಲ ಸೇರಿದ ಹಾಗೆ. ಹುಡುಗರು ನಗಾಡಿಕೊಂಡೇ ಹತ್ತಿರಬೇಕು.

ಇವಳು ಅರ್ಧ ಗಂಟೆ ಹುಡುಕಿದಳು. ಎಲ್ಲ ಮೂರೆಲೆಯವೇ.

ನಾಲ್ಕನೇ ದಿನ: ಮೆಯಾರಿಕೂರ್

ಆಮಿಯಾಂನಿಂದ ಪೂರ್ವಕ್ಕೆ ಹೊರಟರೆ ನೆಲ ಚಪ್ಪಟೆ. ಸಾಂತೇರ್ ಅಂತ ಈ ಸೀಮೆಯ ಹೆಸರು. ಗೋಧಿ, ಬೀಟ್‌ರೂಟು, ಆಲೂಗಡ್ಡೆ. ಬೇಲಿ ಇಲ್ಲ, ಬದುವಿಲ್ಲ, ಕಣ್ಣು ಹೋದಷ್ಟು ದೂರ ಒಂದೇ ಹೊಲ. ಗದಗದ ಕಡೆ ಎರೆ ಹೊಲದಲ್ಲಿ ಬಸ್ಸಿನಲ್ಲಿ ಹೋದ ಹಾಗೆ, ಮಣ್ಣಿನ ಬಣ್ಣ ಮಾತ್ರ ಬೇರೆ. ದಾರಿಯುದ್ದಕ್ಕೂ ಮೊದಲನೇ ಯುದ್ಧದ ಸ್ಮಶಾನಗಳು, ಹಸಿರು ಬೋರ್ಡು, ಬಿಳಿ ಕಲ್ಲು. ಮೊದಮೊದಲು ಪ್ರತಿಯೊಂದಕ್ಕೂ ಕೈ ಮುಗಿದೆವು. ಆಮೇಲೆ ಸುಮ್ಮನಾದೆವು. ಅಷ್ಟಿವೆ.

ಮೆಯಾರಿಕೂರ್ ಸಣ್ಣ ಊರು. ಇಟ್ಟಿಗೆ ಮನೆಗಳು, ಒಂದು ಚರ್ಚು. ಬೀದಿಯಲ್ಲಿ ಒಂದು ನಾಯಿ ಬಿಟ್ಟರೆ ಯಾರೂ ಇಲ್ಲ. ಸ್ಮಶಾನದ ಗೇಟಿನ ಪಕ್ಕ ಹಸಿರು ಬೋರ್ಡಿನಲ್ಲಿ ಇಂಗ್ಲಿಷಿನಲ್ಲೂ ಫ್ರೆಂಚಿನಲ್ಲೂ ಕಾಮನ್‌ವೆಲ್ತ್ ಯುದ್ಧ ಸಮಾಧಿ ಅಂತ ಬರೆದಿದೆ. ಒಳಗೆ ಊರಿನವರ ಸಮಾಧಿಗಳು: ಕಪ್ಪು ಕಲ್ಲು, ಪಿಂಗಾಣಿ ಹೂವು. ಅವುಗಳ ಮಧ್ಯೆ ಒಂದೇ ಎತ್ತರದ, ಒಂದೇ ಅಳತೆಯ ಬಿಳಿ ಕಲ್ಲುಗಳು. ಎಲ್ಲ ವಿಮಾನದವರವು.

ಅವನದನ್ನ ಹುಡುಕೋಕೆ ಹೊತ್ತು ಬೇಕಾಗಲಿಲ್ಲ. ಪೈಲಟ್ ಆಫೀಸರ್ ಎ. ಸಿ. ಮಿನಾರ್ಸ್ಕಿ, ವಿಕ್ಟೋರಿಯಾ ಕ್ರಾಸ್ (ಶೌರ್ಯಕ್ಕೆ ಬ್ರಿಟಿಷರು ಕೊಡೋ ಅತಿ ದೊಡ್ಡ ಪದಕ). ಏರ್ ಗನ್ನರ್. ರಾಯಲ್ ಕೆನಡಿಯನ್ ವಾಯುಪಡೆ. 13 ಜೂನ್ 1944. ವಯಸ್ಸು 27.

ಬಾಂಬರ್‌ಗಳಲ್ಲಿದ್ದ ಹೆಚ್ಚಿನವರಿಗೆ ಇಪ್ಪತ್ತೆರಡರ ಆಸುಪಾಸು. ಅವರ ನಡುವೆ ಇವನು ಅಣ್ಣನ ವಯಸ್ಸಿನವನು. ಬ್ರಿಟಿಷ್ ಬಾಂಬರ್ ಕಮಾಂಡಿನಲ್ಲಿ ಹಾರಿದವರು ಸುಮಾರು 1,25,000 ಜನ, ಸತ್ತವರು 55,573. ಅದರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಕೆನಡಾದವರು. ಈ ಲೆಕ್ಕವನ್ನ ಹ್ಯಾಮಿಲ್ಟನ್‌ನಲ್ಲಿ ಓದಿದಾಗ ತಲೆಯಲ್ಲಿ ಉಳಿಯಲಿಲ್ಲ. ಇಲ್ಲಿ ಒಂದು ಕಲ್ಲಿನ ಮುಂದೆ ನಿಂತಾಗ ಉಳೀತು.

ಏನಾಯ್ತು ಅಂತ ಇಲ್ಲೇ ಹೇಳ್ತೀನಿ.

ಫ್ರಾನ್ಸಿನ ದಂಡೆಯಲ್ಲಿ ಮಿತ್ರಪಡೆ ಇಳಿದು ಆಗ ಒಂದೇ ವಾರ. ಜರ್ಮನ್ನರು ರೈಲಿನಲ್ಲಿ ಸೈನ್ಯ ಸಾಗಿಸದ ಹಾಗೆ ಮಾಡಬೇಕು, ಅದಕ್ಕೆ ಕಾಂಬ್ರೆಯ ರೈಲು ಯಾರ್ಡ್ ಹೊಡೆಯೋದು ಅವತ್ತಿನ ಕೆಲಸ. ಕತ್ತಲಲ್ಲಿ ಹಿಂದಿನಿಂದ, ಕೆಳಗಿನಿಂದ ಒಂದು ಜರ್ಮನ್ ಯುಂಕರ್ಸ್ ವಿಮಾನ ಗುಂಡು ಹಾರಿಸಿತು. ಎಡಗಡೆಯ ಎರಡೂ ಎಂಜಿನ್ ಸತ್ತವು. ಎಡ ರೆಕ್ಕೆಗೆ ಬೆಂಕಿ. ಬೆನ್ನಿನ ಗೂಡಿಗೂ ಬಾಲದ ಗೂಡಿಗೂ ನಡುವೆ ಇನ್ನೊಂದು ಬೆಂಕಿ, ಅದಕ್ಕೆ ತುಪ್ಪ ಸುರಿದ ಹಾಗೆ ಒಡೆದ ಕೊಳವೆಯ ಹೈಡ್ರಾಲಿಕ್ ಎಣ್ಣೆ. ಪೈಲಟ್ ಡಿ ಬ್ರೇನ್ ಎಲ್ಲರೂ ಹಾರಿ ಅಂದ. ಮುಂದಿನವರು ಮುಂದಿನ ಕಿಂಡಿಯಿಂದ ಹಾರಿದರು. ಫ್ರೈಡೇಗೆ ಕಿಂಡಿಯ ಮುಚ್ಚಳ ಬಡಿದು ಎಚ್ಚರ ತಪ್ಪಿತ್ತು. ಎಂಜಿನಿಯರ್ ವಿಗರ್ಸ್ ಅವನಿಗೆ ಪ್ಯಾರಾಚೂಟ್ ಸಿಕ್ಕಿಸಿ ಹೊರಗೆ ತಳ್ಳಿದ.

ಆಂಡಿ ಗೂಡಿನಿಂದ ಇಳಿದು ಹಿಂದಿನ ಬಾಗಿಲಿಗೆ ಬಂದ. ನಾನು ಹ್ಯಾಮಿಲ್ಟನ್‌ನಲ್ಲಿ ತಲೆ ಹಾಕಿದ್ದೆನಲ್ಲ, ಅಂಥದೇ ಬಾಗಿಲು. ಒಂದು ಹೆಜ್ಜೆ ಇಟ್ಟರೆ ಹೊರಗೆ ಗಾಳಿ. ಬಾಲದ ಕಡೆ ನೋಡಿದ. ಬ್ರೋಫಿ ಇನ್ನೂ ಒಳಗೇ ಇದ್ದ. ಎಡ ಎಂಜಿನ್‌ಗಳ ಜೊತೆ ಒತ್ತಡವೂ ಹೋಗಿತ್ತು, ಗೂಡು ಅಡ್ಡ ತಿರುಗಿ ಸಿಕ್ಕಿಕೊಂಡಿತ್ತು. ಹ್ಯಾಂಡಲ್ ಕೈಗೆ ಬಂದಿತ್ತು.

ಇನ್ನು ನನ್ನ ಬೆನ್ನು ಚುಳಕ್ ಅಂದದ್ದು ಯಾಕೆ ಅಂತ. ನಾನು ಅಪ್ಪನ ಕಾರ್ಖಾನೆಗೆ ಸೇರಲಿಲ್ಲ. ಬೇರೊಂದು ಕಡೆ ಪ್ರೆಸ್ ಮೆಷಿನ್‌ಗಳ ಹೈಡ್ರಾಲಿಕ್ಸ್ ನೋಡ್ತಿದ್ದೆ. ಕರೆಂಟು ಹೋಗಿ ಯಾರದ್ದಾದರೂ ಕೈ ಸಿಕ್ಕಿಕೊಂಡರೆ ಪ್ರೆಸ್ ಎತ್ತೋಕೆ ಅದರಲ್ಲಿ ಒಂದು ಕೈ ಪಂಪು ಇರುತ್ತೆ. ತಿಂಗಳಿಗೊಮ್ಮೆ ಅದನ್ನ ಪೂರ್ತಿ ಹೊಡೆದು ನೋಡಿ ಕಾರ್ಡಿಗೆ ಸಹಿ ಹಾಕಬೇಕು. ಒಂದು ಶನಿವಾರ, ಸೈರನ್ ಆಗೋಕೆ ಹತ್ತು ನಿಮಿಷ ಇದೆ ಅನ್ನುವಾಗ, ನಾನು ಪಂಪ್ ಮುಟ್ಟದೇ ಸಹಿ ಹಾಕಿದೆ. ಯಾವತ್ತೂ ಬೇಕಾಗದ ಹ್ಯಾಂಡಲ್ ಅಲ್ವಾ. ನಮ್ಮ ಚಾರ್ಜ್‌ಮನ್ ಹಿಂದೆಯೇ ನಿಂತಿದ್ದರು. ಬೈಯಲಿಲ್ಲ. "ಹೊಡಿ," ಅಂದರು. ಹೊಡೆದೆ. ಆರನೇ ಸಲಕ್ಕೆ ಹ್ಯಾಂಡಲ್‌ನ ಪಿನ್ನು ಕಳಚಿ ನೆಲಕ್ಕೆ ಬಿತ್ತು. ಆ ಠಣ್ ಅನ್ನೋ ಸದ್ದು ನಲವತ್ತು ವರ್ಷ ಆದರೂ ಕಿವಿಯಲ್ಲಿದೆ. ಯಾರಿಗೂ ಏನೂ ಆಗಲಿಲ್ಲ. ನಾನು ಯಾರಿಗೂ ಹೇಳಿಯೂ ಇರಲಿಲ್ಲ, ಇವಳಿಗೂ.

ಆಂಡಿ ಬಾಗಿಲು ಬಿಟ್ಟು ಬೆಂಕಿಯೊಳಗೆ ತೆವಳಿಕೊಂಡು ಬಾಲದ ಕಡೆ ಹೋದ. ಎಣ್ಣೆ ನೆನೆದ ಬಟ್ಟೆಗೆ ಸೊಂಟದವರೆಗೂ ಬೆಂಕಿ ಹತ್ತಿತು, ಪ್ಯಾರಾಚೂಟಿಗೂ. ಕೊಡಲಿಯಿಂದ ಗೂಡನ್ನ ಮೀಟಿದ. ಆಗಲಿಲ್ಲ. ಬರಿಗೈಯಿಂದ ಎಳೆದ. ಒಂದು ಮುರಿದ ಹ್ಯಾಂಡಲ್ ಮಾಡಬೇಕಾಗಿದ್ದ ಕೆಲಸವನ್ನ ಒಬ್ಬ ಮನುಷ್ಯ ಕೈಯಲ್ಲಿ ಮಾಡೋಕೆ ನೋಡಿದ. ಹೋಗು, ಹೋಗು ಅಂತ ಬ್ರೋಫಿ ಒಳಗಿನಿಂದ ಕೈ ಬೀಸಿದ.

ಆಂಡಿ ಹಿಂದಕ್ಕೆ ಸರಿದ. ಬೆನ್ನು ತಿರುಗಿಸಲಿಲ್ಲ, ಗೆಳೆಯನನ್ನ ನೋಡ್ತಲೇ ಬಾಗಿಲವರೆಗೆ ಬಂದ. ಅಲ್ಲಿ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದ. ಏನೋ ಅಂದ. ಗಾಳಿಗೆ, ಎಂಜಿನ್ ಸದ್ದಿಗೆ ಕೇಳಲಿಲ್ಲ. ಆದರೆ ಬ್ರೋಫಿಗೆ ಗೊತ್ತಾಯ್ತು. ಬ್ರೋಫಿ ರ‍್ಯಾಂಕಿನಲ್ಲಿ ಮೇಲಿನವನು. ಪ್ರತಿ ರಾತ್ರಿ ಮಲಗೋಕೆ ಹೋಗುವಾಗ ಆಂಡಿ ತಮಾಷೆಗೆ ಅವನಿಗೊಂದು ಸೆಲ್ಯೂಟ್ ಹೊಡೆದು "ಗುಡ್ ನೈಟ್, ಸರ್" ಅಂತಿದ್ದ. ಇದೂ ಅದೇ.

ಉರಿಯೋ ಪ್ಯಾರಾಚೂಟಿನಲ್ಲಿ ಹಾರಿದ. ಊರಿನವರು ನೋಡಿದರು, ಹುಡುಕಿದರು. ಸಿಕ್ಕಾಗ ಜೀವ ಇತ್ತು. ಸುಟ್ಟ ಗಾಯಗಳಿಂದ ಸ್ವಲ್ಪ ಹೊತ್ತಿಗೇ ಹೋಯ್ತು.

ನಾನು ಇದನ್ನೆಲ್ಲ ಹುಡುಗನಿಗೆ ಹೇಳ್ತಾ ಇದ್ದೆ. ಇವಳು ಮಾತಾಡದೇ ಗೇಟಿನ ಹತ್ತಿರ ಹೋದಳು. ಅಲ್ಲೊಂದು ನಲ್ಲಿ, ಪಕ್ಕದಲ್ಲಿ ಗಿಡಕ್ಕೆ ನೀರು ಹಾಕೋ ಡಬ್ಬಗಳನ್ನ ತೂಗುಹಾಕಿದ್ದರು. ಒಂದನ್ನ ತುಂಬಿಸಿಕೊಂಡು, ಜಾಕೆಟಿನ ಉದ್ದ ತೋಳು ಒದ್ದೆ ಮಾಡಿಕೊಳ್ತಾ ಬಂದು, ಕಲ್ಲಿನ ಬುಡದ ಗಿಡಕ್ಕೆ ಹಾಕಿದಳು. ಆಮೇಲೆ ಪಕ್ಕದ ಕಲ್ಲಿಗೆ. ಆಮೇಲೆ ಅದರ ಪಕ್ಕದ್ದಕ್ಕೆ. ಸಾಲು ಮುಗಿಯೋವರೆಗೆ ನಾಲ್ಕು ಸಲ ನಲ್ಲಿಗೆ ಹೋಗಿ ಬಂದಳು. "ನಾನು ತರ್ತೀನಿ ಕೊಡಿ ಚಿಕ್ಕಮ್ಮ" ಅಂದರೂ ಕೊಡಲಿಲ್ಲ. ಕೊನೆಗೆ ಡಬ್ಬವನ್ನ ಅದೇ ಮೊಳೆಗೆ ತೂಗುಹಾಕಿ, "ಹೆತ್ತವರು ಎಲ್ಲೋ ದೂರ. ಯಾರಾದರೂ ನೀರು ಬಿಡಬೇಕಲ್ಲ," ಅಂದಳು.

ಐದನೇ ದಿನ: ಕಾಂಬ್ರೆ, ಗೋಡಿಯಾಂಪ್ರೆ

ಬೆಳಿಗ್ಗೆ ಕಾಂಬ್ರೆ. ಆ ವಿಮಾನ ತಲುಪದೇ ಹೋದ ಊರು. ರೈಲು ನಿಲ್ದಾಣದ ಆಚೆ ಹಳಿಗಳನ್ನ ಸ್ವಲ್ಪ ಹೊತ್ತು ನೋಡಿದೆವು. ಒಂದು ಕೆಂಪು ಡಬ್ಬಿಯ ಗಾಡಿ ನಿಂತಿತ್ತು, ಅಷ್ಟೇ. ಇಲ್ಲೊಂದು ಮಾತು ಹೇಳಬೇಕು. ಮೇಲಿನಿಂದ ಬಿದ್ದ ಬಾಂಬು ಹಳಿಯ ಮೇಲೇ ಬೀಳುತ್ತೆ ಅಂತ ಏನಿಲ್ಲ. ಆ ಬೇಸಿಗೆಯಲ್ಲಿ ಫ್ರಾನ್ಸಿನ ರೈಲು ಊರುಗಳಲ್ಲಿ ಯಾರ್ಡಿನ ಪಕ್ಕದ ಬೀದಿಗಳಲ್ಲಿದ್ದ ಫ್ರೆಂಚ್ ಜನರೂ ತುಂಬ ಸತ್ತರು, ತಮ್ಮನ್ನ ಬಿಡಿಸೋಕೆ ಬಂದವರ ಬಾಂಬಿನಿಂದಲೇ. ಆಂಡಿಯ ಕಥೆ ಹೇಳುವಾಗ ಇದನ್ನ ಬಿಟ್ಟು ಹೇಳೋಕೆ ನನಗೆ ಮನಸ್ಸಾಗೋದಿಲ್ಲ. ಆದರೂ, ಆ ಆಂಡಿಯ ಪ್ರಾಣ ಹೋದದ್ದು ಬಾಂಬು ಹಾಕುವಾಗ ಅಲ್ಲ, ಒಬ್ಬನನ್ನ ಹೊರಗೆಳೆಯೋಕೆ ಹೋಗಿ.

ಕಾಂಬ್ರೆಯಲ್ಲಿ ಬೆತೀಸ್ ಅಂತ ಪುದೀನ ಪೆಪ್ಪರ್‌ಮೆಂಟ್ ಸಿಗುತ್ತೆ. ಬೆತೀಸ್ ಅಂದ್ರೆ ಪೆದ್ದು ಕೆಲಸ ಅಂತ ಅರ್ಥವಂತೆ, ಮಿಠಾಯಿ ಅಂಗಡಿ ಹುಡುಗನ ಕೈತಪ್ಪಿನಿಂದ ಹುಟ್ಟಿದ್ದು ಅಂತ ಕಥೆ. ಇವಳು ನಾಲ್ಕು ಡಬ್ಬಿ ತಗೊಂಡಳು. ಡಬ್ಬಿ ಚೆನ್ನಾಗಿದೆ, ಸಾಸಿವೆ ಹಾಕಿಡೋಕೆ ಆಗುತ್ತೆ ಅಂತ.

ಮಧ್ಯಾಹ್ನ ಅರಾಸ್ ದಾಟಿ ಪಶ್ಚಿಮಕ್ಕೆ. ಆ ವಿಮಾನ ಬಿದ್ದದ್ದು ಗೋಡಿಯಾಂಪ್ರೆ ಹತ್ತಿರ. ಊರು ಮೆಯಾರಿಕೂರ್‌ಗಿಂತಲೂ ಸಣ್ಣದು. ಊರ ಹೊರಗೆ ಕಾರು ನಿಲ್ಲಿಸಿ ರಸ್ತೆ ಬದಿಯಲ್ಲಿ ನಿಂತೆವು. ಗೋಧಿ ಇನ್ನೂ ಹಸಿರು, ಮಧ್ಯೆ ಅಲ್ಲಲ್ಲಿ ಕೆಂಪು ಗಸಗಸೆ ಹೂವು. ಸರಿಯಾಗಿ ಎಲ್ಲಿ ಬಿತ್ತು ಅಂತ ಯಾರನ್ನಾದರೂ ಕೇಳೋಣ ಅಂದ ಹುಡುಗ. ಬೇಡ ಅಂದೆ. ಈ ಕಡೆಯ ಯಾವುದೋ ಹೊಲ, ಅಷ್ಟು ಸಾಕು.

ಎಲ್ಲರೂ ಬಿಟ್ಟು ಹೋದ ವಿಮಾನ, ಒಳಗೆ ಬ್ರೋಫಿ ಒಬ್ಬನೇ. ಅದು ಮೂಗು ಕುಕ್ಕಿ ಬೀಳಲಿಲ್ಲ, ಜಾರಿಕೊಂಡು ಇಳಿಯಿತು. ರೆಕ್ಕೆ ಒಂದು ಮರಕ್ಕೆ ಬಡಿಯಿತು. ಇಡೀ ವಿಮಾನ ಗಿರಕಿ ಹೊಡೆಯಿತು. ಆ ಎಳೆತಕ್ಕೆ, ಕೊಡಲಿಗೆ ಬಗ್ಗದ, ಕೈಗೆ ಬಗ್ಗದ ಬಾಲದ ಗೂಡು ಕಿತ್ತುಕೊಂಡು ಹೊರಗೆ ಚಿಮ್ಮಿತು. ಬ್ರೋಫಿ ಅದರಿಂದ ಆಚೆ ಬಿದ್ದ. ಒಳಗಿದ್ದ ಬಾಂಬುಗಳಲ್ಲಿ ಹೆಚ್ಚಿನವು ಸಿಡಿಯಲಿಲ್ಲ. ಅವನಿಗೆ ದೊಡ್ಡ ಗಾಯವೂ ಆಗಲಿಲ್ಲ.

ಇದನ್ನ ಹ್ಯಾಮಿಲ್ಟನ್‌ನಲ್ಲಿ ಕೇಳಿದಾಗ ನನಗೆ ಮೊದಲು ಬಂದದ್ದು ಸಿಟ್ಟು. ಹಾಗಾದರೆ ಆಂಡಿ ಸುಮ್ನೆ ಸತ್ತ ಹಾಗಾಯ್ತಲ್ಲ! ಅವನು ಬಾಗಿಲಿಗೆ ಬಂದ ಕೂಡಲೇ ಹಾರಿದ್ದರೆ ಇಬ್ಬರೂ ಬದುಕ್ತಿದ್ದರು. ಎಂಥ ಲೆಕ್ಕ ಇದು? ಮೂರು ದಿನ ಈ ಲೆಕ್ಕ ಹಾಕ್ತಾನೇ ಇದ್ದೆ. ಕಾರಿನಲ್ಲಿ ಹೇಳಿದೆ ಕೂಡ.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ, "ಚಿಕ್ಕಪ್ಪ, ಬ್ರೋಫಿ ಸತ್ತಿದ್ರೆ ನಮಗೆ ಈ ಕಥೆನೇ ಗೊತ್ತಾಗ್ತಿರಲಿಲ್ಲ."

ಹೌದಲ್ಲ. ಮುಂದಿನವರೆಲ್ಲ ಹಾರಿ ಆಗಿತ್ತು, ಹಿಂದೆ ಏನಾಯ್ತು ಅಂತ ಯಾರೂ ನೋಡಿಲ್ಲ. ನೋಡಿದವನು ಗೂಡಿನೊಳಗಿದ್ದವನೊಬ್ಬನೇ. ಫ್ರೆಂಚ್ ಜನ ಅವನನ್ನ ಜರ್ಮನ್ನರಿಂದ ಬಚ್ಚಿಟ್ಟು ಕಾಪಾಡಿದರು. ಡಿ ಬ್ರೇನ್, ವಿಮಾನದಲ್ಲಿದ್ದ ಇನ್ನಿಬ್ಬರಾದ ಕೆಲ್ಲಿ, ಬೋಡಿ ಕೂಡ ಹಾಗೇ ತಪ್ಪಿಸಿಕೊಂಡರು. ವಿಗರ್ಸ್ ಮತ್ತು ಫ್ರೈಡೇ ಸೆರೆ ಸಿಕ್ಕರು. ಯುದ್ಧ ಮುಗಿಯುತ್ತಾ ಬಂದಾಗ ಬದುಕಿದವರು ಮತ್ತೆ ಸೇರಿ, ಬ್ರೋಫಿ ಬಾಯಿಂದ ಕಥೆ ಹೊರಗೆ ಬಂತು. 1946ರ ಅಕ್ಟೋಬರ್‌ನಲ್ಲಿ ವಿಕ್ಟೋರಿಯಾ ಕ್ರಾಸ್ ಕೊಟ್ಟರು. ಅದಕ್ಕೆ ಬರೆದ ಸರ್ಕಾರಿ ಒಕ್ಕಣೆಯಲ್ಲಿ ಆ ಹ್ಯಾಂಡಲ್ ಮುರಿದದ್ದೂ ಇದೆ. ಎಷ್ಟೋ ವರ್ಷದ ಮೇಲೆ, 2005ರಲ್ಲಿ, ಅವನು ಹೊರಟಿದ್ದ ಮಿಡಲ್‌ಟನ್ ಸೇಂಟ್ ಜಾರ್ಜ್‌ನಲ್ಲಿ ಅವನ ಪ್ರತಿಮೆ ನಿಲ್ಲಿಸಿದರು. ಸೆಲ್ಯೂಟ್ ಹೊಡೀತಾ ನಿಂತಿದ್ದಾನೆ. ಹ್ಯಾಮಿಲ್ಟನ್‌ನ ಆ ವಿಮಾನ 2014ರಲ್ಲಿ ಅಟ್ಲಾಂಟಿಕ್ ದಾಟಿ ಇಂಗ್ಲೆಂಡಿಗೆ ಹೋಗಿ, ಉಳಿದ ಇನ್ನೊಂದು ಲ್ಯಾಂಕಾಸ್ಟರ್ ಜೊತೆ ಹಾರಿತು.

ಎಲ್ಲರಿಗೂ ಆ ಸೆಲ್ಯೂಟ್ ನೆನಪು. ನನಗೆ ಕೊಡಲಿ ಬಿಟ್ಟು ಕೈ ಹಾಕಿದ ಗಳಿಗೆ. ಕೊಡಲಿಗೆ ಬಗ್ಗದ್ದು ಕೈಗೆ ಬಗ್ಗಲ್ಲ ಅಂತ ಚರ್ಮ ಕತ್ತರಿಸಿದವನಿಗೆ ಗೊತ್ತಿರಲ್ವಾ? ಗೊತ್ತಿತ್ತು. ಆದರೂ ಎಳೆದ.

ಹೊಲದ ಬದಿಯಲ್ಲಿ ನಿಂತುಕೊಂಡು ನಾನು ಇವಳಿಗೆ ಆ ಶನಿವಾರದ ಕಥೆ ಹೇಳಿದೆ. ಪಿನ್ನು ಬಿದ್ದದ್ದು. ನಿನ್ನೆ ಸ್ಮಶಾನದಲ್ಲೇ ಹೇಳಬೇಕು ಅಂದ್ಕೊಂಡಿದ್ದೆ, ಹುಡುಗ ಇದ್ದನಲ್ಲ ಅಂತ ಹೇಳಿರಲಿಲ್ಲ. ಇವಳು ಕೇಳಿ, "ಅದಕ್ಕೇನಾ ನೀವು ದಿನಾ ರಾತ್ರಿ ಗ್ಯಾಸ್ ಸಿಲಿಂಡರ್ ಎರಡೆರಡು ಸಲ ನೋಡೋದು?" ಅಂದಳು.

ಅರಾಸ್ ನಿಲ್ದಾಣದಲ್ಲಿ ಹುಡುಗ ನಮ್ಮನ್ನ ಪ್ಯಾರಿಸ್ ರೈಲಿಗೆ ಹತ್ತಿಸಿದ. ಸೂಟ್‌ಕೇಸ್ ಹೋಟೆಲಿಗೆ ಬಂದಿದೆ ಅಂತ ಮೆಸೇಜ್ ಬಂತು. ರೈಲು ಹೊರಟಿತು. ಒಂಬತ್ತೂವರೆ ಆಗಿದ್ದರೂ ಹೊರಗೆ ಇನ್ನೂ ಬೆಳಕು, ಹೊಲಗಳು ಹಿಂದಕ್ಕೆ ಓಡ್ತಾ ಇದ್ದವು. ನಾವು ಕೂತದ್ದು ಬಾಗಿಲ ಹತ್ತಿರದ ಸೀಟು, ಅದೂ ಹಿಂದೆ ನೋಡಿಕೊಂಡು ಹೋಗೋದು. ಬಾಗಿಲಿನ ಪಕ್ಕ ಗಾಜಿನ ಹಿಂದೆ ಒಂದು ಕೆಂಪು ಹ್ಯಾಂಡಲ್. ನಾನು ಎದ್ದು ಹತ್ತಿರ ಹೋಗಿ, ಬಗ್ಗಿ, ಅದರ ಪಿನ್ನು ಎಲ್ಲಿದೆ ಅಂತ ನೋಡಿದೆ.

"ರೀ, ಅದನ್ನ ಮುಟ್ಟಬೇಡಿ," ಅಂದಳು ಇವಳು. "ದಂಡ ಹಾಕ್ತಾರೆ."